ನೋಯಿಸುವುದು ಹತ್ತಿದ್ದಲ್ಲ, ಇಳಿದದ್ದು

ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲನ್ನು ಅಪರೂಪಕ್ಕೆ ಹತ್ತುವವರು ಮೊದಲು ಹೆದರುವುದು ನೂರು ಮೆಟ್ಟಿಲೂ ದಾಟುವ ಮುಂಚೆ. ಏದುಸಿರು, ಬಾಯಾರಿಕೆ, ಎದೆಯಲ್ಲಿ ಡವಡವ. ಸ್ನಾಯುವಿನಲ್ಲಿ ಕೂಡಿಟ್ಟ ತಕ್ಷಣದ ಶಕ್ತಿ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಹೃದಯ, ಶ್ವಾಸಕೋಶಗಳು ಬೇಕಾದಷ್ಟು ಆಮ್ಲಜನಕ ಒದಗಿಸಲು ಎರಡು-ಮೂರು ನಿಮಿಷ ಹಿಡಿಯುತ್ತದೆ. ನಡುವಿನ ಆ ಕೊರತೆಯೇ ಏದುಸಿರು. ಮೊದಲ ಐದು ನಿಮಿಷ ಬೇಕೆಂದೇ ನಿಧಾನ ಹತ್ತಿ. ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಆಡಲು ಆಗುತ್ತಿದ್ದರೆ ವೇಗ ಸರಿಯಿದೆ. ಆದರೆ ಎದೆ ಹಿಂಡಿದಂತಾದರೆ, ನೋವು ತೋಳಿಗೋ ದವಡೆಗೋ ಹರಿದರೆ, ಅಲ್ಲೇ ನಿಲ್ಲಿಸಿ ವೈದ್ಯರ ನೆರವು ಪಡೆಯಬೇಕು.

ಏಳುನೂರರ ಸುಮಾರಿಗೆ ನಂದಿ. ಫೋಟೊಗೆಂದು ಗಕ್ಕನೆ ನಿಂತವರಿಗೆ ತಲೆ ಸುತ್ತುವುದು ಇಲ್ಲೇ. ಕಾಲಿನ ರಕ್ತನಾಳಗಳು ಹಿಗ್ಗಿರುತ್ತವೆ, ರಕ್ತವನ್ನು ಮೇಲಕ್ಕೆ ತಳ್ಳುತ್ತಿದ್ದ ಮೀನಖಂಡ ಸುಮ್ಮನಾಗುತ್ತದೆ, ರಕ್ತ ಕೆಳಗೇ ಉಳಿಯುತ್ತದೆ. ಎರಡು ನಿಮಿಷ ಅತ್ತಿತ್ತ ಅಡ್ಡಾಡಿ ಆಮೇಲೆ ನಿಂತರೆ ಸಾಕು.

ನಿಜವಾದ ಪೆಟ್ಟು ಇಳಿಯುವಾಗ. ಉಸಿರು ಹಗುರ, ಮಾತು ಸಲೀಸು, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಪ್ರತಿ ಮೆಟ್ಟಿಲಿಗೂ ಮೈಭಾರ ತಡೆಯಲು ತೊಡೆಯ ಮುಂಭಾಗದ ಸ್ನಾಯು ಬಿಗಿಯುತ್ತಲೇ ಉದ್ದವಾಗಬೇಕು, ತುಂಬಿದ ಕೊಡವನ್ನು ಮೆಲ್ಲಗೆ ನೆಲಕ್ಕಿಡುವಾಗ ತೋಳು ಬಿಗಿಹಿಡಿದೇ ಚಾಚಿಕೊಳ್ಳುವ ಹಾಗೆ. ಈ ಸೆಳೆತಕ್ಕೆ ಸ್ನಾಯುವಿನ ಎಳೆಗಳಲ್ಲಿ ಸೂಕ್ಷ್ಮ ಗಾಯಗಳಾಗುತ್ತವೆ. ಬುಡ ತಲುಪಿ ನಿಂತಾಗ ಮೊಣಕಾಲಿನ ಮೇಲೆ ಮಾಂಸ ತಾನಾಗಿ ಅದುರುವುದು ಕಣ್ಣಿಗೇ ಕಾಣುತ್ತದೆ. ಉರಿಯೂತ ಏರಲು ಸಮಯ ಬೇಕು, ಅದಕ್ಕೇ ನೋವಿನ ಉತ್ತುಂಗ ಒಂದರಿಂದ ಮೂರು ದಿನದ ನಂತರ. ಕೂತರೆ ಏಳಲಾಗದು, ಎದ್ದರೆ ಕೂರಲಾಗದು. ದುಡಿಯುವ ಸ್ನಾಯುವಿನಲ್ಲಿ ಹುಟ್ಟುವ ಲ್ಯಾಕ್ಟಿಕ್ ಆಸಿಡ್ ಇದಕ್ಕೆ ಕಾರಣ ಎನ್ನುವ ಮಾತು ಬಹಳ ಹರಡಿದೆ, ಅದು ತಪ್ಪು. ಆ ಆಸಿಡ್ ಗಂಟೆ ಎರಡು ಗಂಟೆಯಲ್ಲೇ ರಕ್ತದಿಂದ ಖಾಲಿಯಾಗಿರುತ್ತದೆ.

ಎಣ್ಣೆ ತಿಕ್ಕಿಸಿಕೊಂಡರೆ ಹಿತ, ಸಮತಟ್ಟಾದ ನೆಲದಲ್ಲಿ ಹಗುರ ನಡಿಗೆಯೂ ಒಳ್ಳೆಯದು. ಮೂತ್ರ ಕಡು ಚಹಾದ ಬಣ್ಣಕ್ಕೆ ತಿರುಗಿದರೆ ಮಾತ್ರ ಅದೇ ದಿನ ಆಸ್ಪತ್ರೆಗೆ ಹೋಗಬೇಕು, ಒಡೆದ ಸ್ನಾಯುವಿನ ಪ್ರೋಟೀನು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲದು. ಈ ನೋವಿಗೆ ಹೆದರಿ ಎಷ್ಟೋ ಜನ ಬೆಟ್ಟವನ್ನೇ ಬಿಟ್ಟುಬಿಡುತ್ತಾರೆ, ಅದೇ ಬೇಸರ. ಒಮ್ಮೆ ಹೀಗೆ ನೊಂದ ಸ್ನಾಯು ಮುಂದಿನ ಕೆಲವು ವಾರ ಅದೇ ಕೆಲಸಕ್ಕೆ ಅಷ್ಟು ನೋಯುವುದಿಲ್ಲ. ಆಷಾಢ ಶುಕ್ರವಾರಕ್ಕೆ ಹತ್ತುವ ಯೋಚನೆಯಿದ್ದರೆ ಎರಡು ವಾರ ಮೊದಲೇ ಮೂರು ಮಹಡಿ ಲಿಫ್ಟಿನಲ್ಲಿ ಹತ್ತಿ, ಮೆಟ್ಟಿಲಲ್ಲಿ ಇಳಿಯಿರಿ. ದಿನ ಬಿಟ್ಟು ದಿನ, ನಾಲ್ಕೈದು ಸಲ.