ಮನಸ್ಸು ಓದಿದವರಿಗೆ ಜೊಲ್ಲಿನ ಪರೀಕ್ಷೆ ಯಾಕೆ?

"ಮನಶ್ಶಾಸ್ತ್ರ ಓದಿದೋರು ಮಕ್ಕಳ ಜೊತೆ ಮಾತಾಡೋದು ಬಿಟ್ಟು ಹಾರ್ಮೋನ್ ಯಾಕೆ ಅಳೀತೀರಿ?" ನೆಂಟರು, ಮೇಷ್ಟ್ರುಗಳು, ನನ್ನ ವಿದ್ಯಾರ್ಥಿಗಳು, ಎಲ್ಲರೂ ಕೇಳುವುದು ಇದನ್ನೇ. ಮಾತಾಡುವುದನ್ನು ನಾನು ಬಿಟ್ಟಿಲ್ಲ. ಆದರೆ ಮಾತಿನಲ್ಲಿ ಸಿಗದ ಸಂಗತಿಗಳೂ ಇವೆ.

10 ವರ್ಷದ ಹೊತ್ತಿಗೆ ಖಿನ್ನತೆ ಹುಡುಗ ಹುಡುಗಿಯರಲ್ಲಿ ಹೆಚ್ಚುಕಡಿಮೆ ಒಂದೇ. 15 ದಾಟುವಾಗ ಹುಡುಗಿಯರಲ್ಲಿ ಸುಮಾರು ಎರಡು ಪಟ್ಟು. ನಡುವೆ ಆದದ್ದೇನು? ಅಮೆರಿಕದ ನಾರ್ತ್ ಕ್ಯಾರೊಲೈನಾದ ಗುಡ್ಡಗಾಡಿನಲ್ಲಿ ಸಂಶೋಧಕರಾದ ಏಡ್ರಿಯನ್ ಆಂಗೋಲ್ಡ್, ಜೇನ್ ಕಾಸ್ಟೆಲೊ ಅವರ ತಂಡ ಮಕ್ಕಳನ್ನು ಮತ್ತೆ ಮತ್ತೆ ಭೇಟಿಯಾಗಿ, ಮಾತಾಡಿಸಿ, ಬೆರಳು ಚುಚ್ಚಿ ಒಂದೆರಡು ಹನಿ ರಕ್ತವನ್ನೂ ತೆಗೆದುಕೊಂಡಿತು. 1999ರಲ್ಲಿ ಅವರು ಬರೆದದ್ದು ಇದು: ಹುಡುಗಿಯರ ಖಿನ್ನತೆಗೆ ಹೆಚ್ಚು ಹತ್ತಿರದ ನಂಟು ಇರುವುದು ಮೈ ಎಷ್ಟು ಬೆಳೆದಿದೆ ಅನ್ನುವುದಕ್ಕಲ್ಲ, ಟೆಸ್ಟೋಸ್ಟೆರಾನ್ ಮತ್ತು ಈಸ್ಟ್ರೋಜನ್ ಅನ್ನುವ ಹಾರ್ಮೋನ್‌ಗಳ ಮಟ್ಟಕ್ಕೆ. ಬರೀ ಮಾತಾಡಿಸಿದ್ದರೆ ಇದು ಗೊತ್ತಾಗುತ್ತಿತ್ತಾ?

ಈಗ ಎಷ್ಟೋ ಅಧ್ಯಯನಗಳಿಗೆ ರಕ್ತವೂ ಬೇಡ, ಜೊಲ್ಲು ಸಾಕು. ಮಗು ತಲೆ ಬಗ್ಗಿಸಿ ಕೂತು, ಸ್ಟ್ರಾ ಮೂಲಕ ಪುಟ್ಟ ಟ್ಯೂಬಿಗೆ ಜೊಲ್ಲು ಬಿಡಬೇಕು. ಹಲ್ಲುಜ್ಜಿದ ಕೂಡಲೇ ತೆಗೆಯಬಾರದು, ಒಸಡಿನ ರಕ್ತ ಸೇರಿದರೆ ಲೆಕ್ಕ ತಪ್ಪುತ್ತದೆ. ಒತ್ತಡದ ಹಾರ್ಮೋನ್ ಕಾರ್ಟಿಸಾಲ್ ನಿದ್ದೆಯಿಂದ ಎದ್ದ ಅರ್ಧ ಗಂಟೆಯೊಳಗೇ ಸರ್ರನೆ ಏರುತ್ತದೆ. ಹಾಗಾಗಿ ಎದ್ದ ಹೊತ್ತು, ಟ್ಯೂಬು ತುಂಬಿದ ಹೊತ್ತು ಎರಡನ್ನೂ ಬರೆದಿಡಬೇಕು. ಏಳೋದಕ್ಕೇ ಒದ್ದಾಡುವ ವಯಸ್ಸಿನವರು ಇಷ್ಟೆಲ್ಲ ಮಾಡಿಕೊಡುತ್ತಾರಲ್ಲ, ನನಗೆ ಅವರ ಮೇಲೆ ತುಂಬಾ ಪ್ರೀತಿ.

ಹಾಗಾದರೆ ಎಲ್ಲಾ ಹಾರ್ಮೋನ್‌ನಿಂದಲೇ ಅಲ್ವಾ? ಅಲ್ಲ. ನ್ಯೂಜಿಲೆಂಡಿನ ಡನೀಡನ್ ಊರಿನಲ್ಲಿ 1972-73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳ ಬದುಕನ್ನು ಇವತ್ತಿಗೂ ಗಮನಿಸುತ್ತಿದ್ದಾರೆ. ಅಲ್ಲಿ ಬೇಗ ದೊಡ್ಡವರಾದ ಹುಡುಗಿಯರು, ಹುಡುಗರೂ ಓದುವ ಶಾಲೆಯಲ್ಲಿದ್ದರೆ, ಪುಂಡಾಟಕ್ಕೆ ಇಳಿದದ್ದು ಜಾಸ್ತಿ. ಬರೀ ಹುಡುಗಿಯರ ಶಾಲೆಯಲ್ಲಿ ಅಷ್ಟು ಕಾಣಲಿಲ್ಲ. ಮೈನೆರೆದ ವಯಸ್ಸು ಅದೇ, ಸುತ್ತಲಿನ ಮಂದಿ ಬೇರೆ. ಹಾರ್ಮೋನ್ ಅಳೆದು, ಶಾಲೆ, ಮನೆ, ಗೆಳೆಯರನ್ನೂ ಜೊತೆಗೇ ನೋಡಿದಾಗಷ್ಟೇ ಯಾವ ಮಗುವಿಗೆ ಎಲ್ಲಿ ಆಸರೆ ಬೇಕು ಅಂತ ತಿಳಿಯುತ್ತದೆ. ನಾನು ಈ ಕೆಲಸ ಹಿಡಿದದ್ದು ಅದಕ್ಕೇ.

ಅದಕ್ಕೇ "ವಯಸ್ಸಿನ ಹಾರ್ಮೋನು, ಸುಮ್ನೆ ಬಿಡಿ, ಸರಿಹೋಗತ್ತೆ" ಅಂತ ಯಾರಾದರೂ ಅಂದರೆ ನನಗೆ ಸಂಕಟವಾಗುತ್ತದೆ. ಮಗಳೋ ಮಗನೋ ಎರಡು ವಾರ ಮಂಕಾಗಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಕಾಯಬೇಡಿ. ಪಕ್ಕದಲ್ಲಿ ಕೂತು ಕೇಳಿ, ವೈದ್ಯರಿಗೆ ತೋರಿಸಿ. ಎಲ್ಲಿ ಶುರುಮಾಡಬೇಕು ಅಂತ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಹಗಲು ರಾತ್ರಿ ಯಾವಾಗ ಬೇಕಾದರೂ ಕನ್ನಡದಲ್ಲೇ ಮಾತಾಡಬಹುದು, ದುಡ್ಡೇನೂ ಕೊಡಬೇಕಿಲ್ಲ.