ಕುಮ್ಕಿ ಸೇರಿ ಎಷ್ಟು ಎಕರೆ?

ಉಡುಪಿ ಕಡೆ ಜಾಗ ತೋರಿಸುವ ಬ್ರೋಕರುಗಳ ಬಾಯಲ್ಲಿ ಒಂದು ಮಾತು ಯಾವಾಗಲೂ ಇರುತ್ತದೆ: "ವರ್ಗ ಜಾಗ ಒಂದೂವರೆ ಎಕರೆ, ಕುಮ್ಕಿ ಸೇರಿದರೆ ಮೂರು." ವರ್ಗ ಜಾಗ ಅಂದರೆ ಸ್ವಂತ ಪಟ್ಟಾ ಜಾಗ. ಕೊಳ್ಳುವವರು ತಲೆಯಾಡಿಸುತ್ತಾರೆ. ಬೆಂಗಳೂರಿನಿಂದ ಬಂದವರಿಗೆ ಕುಮ್ಕಿ ಗೊತ್ತಿಲ್ಲದಿದ್ದರೆ ಅದು ಸಹಜ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳೂ ಗೊತ್ತಿಲ್ಲದೆ ಸಹಿ ಹಾಕುತ್ತಾರಲ್ಲ, ಅದು ನನಗೆ ನಿಜಕ್ಕೂ ಬೇಸರ. ನಾನು ದಸ್ತಾವೇಜು ಬರೆಯುವ ಕೆಲಸದಲ್ಲಿರುವವಳು. ದಸ್ತಾವೇಜು, ಖರೀದಿ, ವಕಾಲತ್ತು, ಜಪ್ತಿ, ಅಮೀನ ಎಲ್ಲವೂ ಪಾರ್ಸಿ, ಅರಬ್ಬಿ ಕಡೆಯಿಂದ ಬಂದವು. ಹೈದರ್, ಟಿಪ್ಪು ಕಾಲದ ಕಚೇರಿಗಳಲ್ಲೂ ಇಂಥ ಮಾತುಗಳದ್ದೇ ಓಡಾಟ. 1799ರಲ್ಲಿ ಕೆನರಾ, ಅಂದರೆ ನಮ್ಮ ಈ ಕರಾವಳಿ, ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಹೋದಾಗ ಥಾಮಸ್ ಮನ್ರೋ ಕಲೆಕ್ಟರ್ ಆಗಿ ಬಂದ. ಸರ್ಕಾರ ಬದಲಾಯಿತು, ಲೆಕ್ಕದ ಪುಸ್ತಕದ ಭಾಷೆ ಉಳಿಯಿತು. ಕುಮ್ಕಿಯೂ ಅಂಥದ್ದೇ ಒಂದು ಮಾತು.

ಕುಮ್ಕಿ ಅಂದರೆ ಸಹಾಯಕ್ಕೆ ಇರುವ ಜಾಗ. ಗದ್ದೆಯೊಂದೇ ಇದ್ದರೆ ಬೇಸಾಯ ಆಗುವುದಿಲ್ಲ ಅಲ್ವಾ? ಗೊಬ್ಬರಕ್ಕೆ ಹಸಿ ಸೊಪ್ಪು ಬೇಕು, ಹಟ್ಟಿಗೆ ಹಾಸಲು ತರಗೆಲೆ ಬೇಕು, ಒಲೆಗೆ ಕಟ್ಟಿಗೆ ಬೇಕು, ದನ ಮೇಯಬೇಕು. ಅದಕ್ಕಾಗಿ ವರ್ಗ ಜಾಗದ ಗಡಿಯಿಂದ 100 ಗಜದೊಳಗಿನ ಸರ್ಕಾರಿ ಜಾಗವನ್ನು ಬಳಸಿಕೊಳ್ಳುವ ಸವಲತ್ತು ಕೊಟ್ಟರು. 1964ರ ಭೂ ಕಂದಾಯ ಕಾಯ್ದೆಯ 79ನೇ ಸೆಕ್ಷನ್ ಅದನ್ನು ಹಾಗೇ ಉಳಿಸಿಕೊಂಡಿದೆ. ಆದರೆ ಜಾಗ ಸರ್ಕಾರದ್ದೇ. ಮಾರಲು ನಮ್ಮ ಕೈಯಲ್ಲಿ ಏನೂ ಇಲ್ಲ.

ಈ ಸವಲತ್ತು ಎಲ್ಲ ವರ್ಗಕ್ಕೂ ಇಲ್ಲ. 'ಕದೀಂ' ವರ್ಗಕ್ಕೆ ಮಾತ್ರ, ಅಂದರೆ ಫಸಲಿ 1276ಕ್ಕಿಂತ ಮೊದಲೇ ಇದ್ದ ಹಳೆಯ ವರ್ಗಕ್ಕೆ. ಫಸಲಿ ಅಂದರೆ ಕಂದಾಯ ಲೆಕ್ಕದ ವರ್ಷ. ಫಸಲಿ ಇಸವಿಗೆ 590 ಕೂಡಿಸಿ ನೋಡಿ, 1866 ಬರುತ್ತದೆ. ಆ ವರ್ಷದ ಜುಲೈಗೆ ಫಸಲಿ 1276 ಶುರು. ಒಂದು ಹಳೆಯ ಕಾಗದದಲ್ಲಿ 'ಕದೀಂ' ಅನ್ನುವ ಒಂದು ಪದ ಇದೆಯೋ ಇಲ್ಲವೋ ಅನ್ನುವುದರ ಮೇಲೆ ಒಂದು ಮನೆಯ ಸೊಪ್ಪು, ಸೌದೆಯ ಹಕ್ಕು ನಿಂತಿರುತ್ತದೆ. ಇದನ್ನು ಶಾಲೆಯಲ್ಲಿ ಯಾರೂ ಕಲಿಸುವುದಿಲ್ಲ, ಕಲಿಸಬೇಕಿತ್ತು.

ಹಾಗಾಗಿ ನಾನು ಕ್ರಯಪತ್ರದಲ್ಲಿ 'ಕುಮ್ಕಿ ಜಾಗ ಸಹಿತ' ಎಂದು ಬರೆಯುವುದಿಲ್ಲ. 'ಕುಮ್ಕಿ ಸೌಕರ್ಯ ಸಹಿತ' ಎಂದೇ ಬರೆಯುತ್ತೇನೆ. ಕೆಲವರು ಮುಖ ಸಣ್ಣ ಮಾಡುತ್ತಾರೆ. ಎಕರೆ ಕಡಿಮೆಯಾದ ಹಾಗೆ ಕಾಣುತ್ತದೆ, ರೇಟೂ ಇಳಿಯುತ್ತದೆ. ಇಳಿಯಲಿ. ಸರ್ಕಾರದ ಜಾಗಕ್ಕೆ ದುಡ್ಡು ಕೊಟ್ಟು ಆಮೇಲೆ ಮಣಿಪಾಲದ ರಜತಾದ್ರಿಗೆ, ಅಂದರೆ ಜಿಲ್ಲಾಧಿಕಾರಿ ಕಚೇರಿಗೆ, ಅರ್ಜಿ ಹಿಡಿದು ಅಲೆಯುವುದಕ್ಕಿಂತ ಅದು ಎಷ್ಟೋ ಮೇಲು.

ಹಳೆಯ ಕಾಗದ ಹುಡುಕುವವರಿಗೆ ಇನ್ನೊಂದು ವಿಷಯ. ಈಗ ನಾವೆಲ್ಲ ಪಹಣಿ, ಆರ್‌ಟಿಸಿ ಅನ್ನುತ್ತೇವೆ. ಆದರೆ ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿಗೆ ಸೇರಿತ್ತು, ಹಾಗಾಗಿ ಆ ಕಾಲದ ದಾಖಲೆಯಲ್ಲಿ 'ಅಡಂಗಲ್' ಎಂದಿರುತ್ತದೆ. ಅದು ತಮಿಳಿನದ್ದು. ಅಜ್ಜನ ಪೆಟ್ಟಿಗೆಯಲ್ಲಿ ಪಹಣಿ ಸಿಗಲಿಲ್ಲ ಅಂತ ಸುಮ್ನೆ ಕೈಬಿಡಬೇಡಿ, ಅಡಂಗಲ್ ಪ್ರತಿ ಉಂಟಾ ನೋಡಿ. ಈಗಿನ ಪಹಣಿಯಲ್ಲಿ 9ನೇ ಕಾಲಂ ಮಾಲೀಕರದ್ದು, ಅದನ್ನು ಎಲ್ಲರೂ ಓದುತ್ತಾರೆ. 11ನೇ ಕಾಲಂ ಇತರ ಹಕ್ಕು ಮತ್ತು ಋಣದ್ದು. ಅದನ್ನು ಓದದೆ ಮುಂಗಡ ಕೊಡಬೇಡಿ.