ಎರಡನೇ ಸಲ ಸೈಗಾನಿಗೆ: ವಿಕಲಚೇತನ ಮಕ್ಕಳ ಜೊತೆ ಐದು ವಾರ

ವಿಯೆಟ್ನಾಂನ ಹೋ ಚಿ ಮಿನ್ ನಗರದ, ಅಂದರೆ ಹಳೆಯ ಸೈಗಾನಿನ, ಅಂಚಿನಲ್ಲಿರುವ ಆ ಅನಾಥಾಶ್ರಮದ ಗೇಟಿನೊಳಗೆ ಎರಡನೇ ಸಲ ಕಾಲಿಟ್ಟಾಗ ಹಿರಿಯ ಆಯಾ ನನ್ನ ಗುರುತು ಹಿಡಿದರು. ನಕ್ಕರು, ಕುಡಿಯಲು ನೀರು ಕೊಟ್ಟರು. ಆಮೇಲೆ ಮೊಬೈಲಿನ ಅನುವಾದದ ಆ್ಯಪ್‌ನಲ್ಲಿ ಏನನ್ನೋ ಬರೆದು ನನ್ನ ಮುಂದೆ ಹಿಡಿದರು. ‘ಅಕ್ಕ, ಈ ಸಲ ಎಷ್ಟು ದಿನ ಇರುತ್ತೀರಿ? ಆ ಹುಡುಗನನ್ನು ಎತ್ತಿಕೊಳ್ಳಬೇಡಿ.’

ಆ ಹುಡುಗ ಯಾರೆಂದು ಕೇಳಬೇಕಾಗಿರಲಿಲ್ಲ. ಎರಡು ವರ್ಷಗಳ ಹಿಂದೆ ಹದಿನೈದು ದಿನಗಳ ಮಟ್ಟಿಗೆ ಬಂದಿದ್ದಾಗ ದಿನವಿಡೀ ನನ್ನ ತೊಡೆಯ ಮೇಲಿದ್ದವನು ಅವನು. ಸೆರೆಬ್ರಲ್ ಪಾಲ್ಸಿ (ಮಿದುಳಿನ ತೊಂದರೆಯಿಂದ ಮೈಕೈ ಹಿಡಿತಕ್ಕೆ ಬಾರದ ಸ್ಥಿತಿ) ಇರುವ, ಮಾತು ಬಾರದ, ನಕ್ಕರೆ ಮೈಯೆಲ್ಲ ಬಿಗಿಯಾಗುವ ಹುಡುಗ. ನಾನು ಹೊರಟ ಮೇಲೆ ಆಯಾಗಳ ಕೈಯಿಂದ ಊಟ ಮಾಡಲು ಒಪ್ಪದೆ ದಿನಗಟ್ಟಲೆ ಅತ್ತನಂತೆ. ಆ ಕೋಣೆಯಲ್ಲಿ ಹದಿನಾಲ್ಕು ಮಕ್ಕಳಿಗೆ ಇದ್ದವರು ಇಬ್ಬರೇ ಆಯಾಗಳು. ಒಬ್ಬನನ್ನೇ ಎತ್ತಿಕೊಂಡು ಕೂರುವಷ್ಟು ಪುರಸೊತ್ತು ಅವರಿಗೆ ಎಲ್ಲಿಂದ ಬರಬೇಕು? ಅತ್ತ ನಾನು ಆ ಹದಿನೈದು ದಿನಗಳ ಕಥೆಯನ್ನು ಕಂಡವರಿಗೆಲ್ಲ ಹೇಳಿಕೊಂಡು ಓಡಾಡುತ್ತಿದ್ದೆ.

ಇಂಥದೇ ಪ್ರವಾಸಕ್ಕೆ ತಯಾರಾಗುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಹೊರಟೇ ಸಿದ್ಧ ಎಂದುಕೊಂಡವರು ಮೊದಲು ಹೋಗಬೇಕೇ ಎಂಬುದನ್ನು ಯೋಚಿಸಿ. ಒಂದು ತಿಂಗಳಿಗಿಂತ ಕಡಿಮೆ ಸಮಯ ಇರುವವರು ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಕೇಳಬೇಡಿ. ಗಾಲಿಕುರ್ಚಿ ರಿಪೇರಿ, ಗೋಡೆಗೆ ಬಣ್ಣ, ಲೆಕ್ಕಪತ್ರ ಎಂದು ಮಕ್ಕಳನ್ನು ಮುಟ್ಟದೆಯೇ ಮಾಡಬಹುದಾದ ಕೆಲಸ ರಾಶಿ ಇರುತ್ತದೆ. ಫಿಸಿಯೋಥೆರಪಿ, ಮಾತಿನ ಚಿಕಿತ್ಸೆ ಬಲ್ಲವರಾದರೆ ಆಯಾಗಳಿಗೆ ಕಲಿಸಿ ಬನ್ನಿ, ನೀವು ಹೋದ ಮೇಲೂ ಅದು ಅಲ್ಲಿ ಉಳಿಯುತ್ತದೆ. ನಾನು ಬ್ಯಾಂಕಿನಲ್ಲಿ ಲೆಕ್ಕ ಬರೆದು ನಿವೃತ್ತಳಾದವಳು. ಎರಡನೇ ಸಲ ನನ್ನಿಂದ ಅವರಿಗೆ ಆದ ದೊಡ್ಡ ಉಪಕಾರ ಬಹುಶಃ ಔಷಧಿಗಳ ದಾಸ್ತಾನು ಪುಸ್ತಕವನ್ನು ಸರಿಮಾಡಿಕೊಟ್ಟದ್ದು.

ಅನಾಥಾಶ್ರಮ ಎಂಬ ಹೆಸರೂ ದಾರಿ ತಪ್ಪಿಸುತ್ತದೆ. ಇಂಥ ಕಡೆ ಇರುವ ಬಹಳಷ್ಟು ಮಕ್ಕಳಿಗೆ ತಂದೆಯೋ ತಾಯಿಯೋ ಇದ್ದಾರೆ. ಬಡತನ, ಚಿಕಿತ್ಸೆಯ ಖರ್ಚು, ಹತ್ತಿರದಲ್ಲಿ ಶಾಲೆ ಇಲ್ಲದಿರುವುದು ಇವೇ ಮಕ್ಕಳನ್ನು ಅಲ್ಲಿಗೆ ತಂದು ಬಿಡುತ್ತವೆ. ಒಬ್ಬ ಅಜ್ಜಿ ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು ಮೊಮ್ಮಗಳ ಕಾಲಿಗೆ ಎಣ್ಣೆ ಹಚ್ಚಿ ಹೋಗುತ್ತಿದ್ದರು. ಆ ಹೊತ್ತಿನಲ್ಲಿ ನಾನು ಕೋಣೆಯಿಂದ ಹೊರಗಿರುತ್ತಿದ್ದೆ. ಸ್ವಯಂಸೇವಕರಿಂದ ದುಡ್ಡು ಸಿಗುತ್ತದೆಂದು ಮಕ್ಕಳನ್ನು ಕುಟುಂಬದಿಂದ ಬೇರೆ ಮಾಡಿ ಇಟ್ಟುಕೊಳ್ಳುವ ಜಾಗಗಳೂ ಜಗತ್ತಿನಲ್ಲಿವೆ. ಅದಕ್ಕಾಗಿಯೇ 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಅನಾಥಾಶ್ರಮಗಳಲ್ಲಿನ ಸ್ವಯಂಸೇವೆಯ ಅಪಾಯವನ್ನು ನಿರ್ಣಯವೊಂದರಲ್ಲಿ ಹೆಸರಿಸಿಯೇ ಹೇಳಿತು. ನನ್ನ ಮೊದಲ ಪ್ರವಾಸವನ್ನು ಏರ್ಪಡಿಸಿದ ದಲ್ಲಾಳಿ ಕಂಪನಿ ಹಣ ಕಟ್ಟಿಸಿಕೊಂಡಿತೇ ಹೊರತು ನಾನು ಯಾರು, ಎಂಥವಳು ಎಂದು ಒಂದು ಮಾತು ಕೇಳಲಿಲ್ಲ. ಪೊಲೀಸ್ ಪ್ರಮಾಣಪತ್ರ ಕೇಳದೆ ಮಕ್ಕಳ ಕೋಣೆಯ ಬಾಗಿಲು ತೆರೆಯುವ ಸಂಸ್ಥೆ ನಾಳೆ ಇನ್ಯಾರಿಗೋ ಹಾಗೆಯೇ ತೆರೆಯುತ್ತದೆ. ಅಂಥ ಕಡೆ ಹೋಗಬೇಡಿ. ಎರಡನೇ ಸಲ ನಾನು ದಲ್ಲಾಳಿಯನ್ನು ಬಿಟ್ಟು ಆಶ್ರಮಕ್ಕೇ ನೇರವಾಗಿ ಬರೆದೆ. ಅಷ್ಟರಲ್ಲಿ ಅಲ್ಲಿಯೂ ಹೊಸ ನಿರ್ದೇಶಕಿ ಬಂದಿದ್ದರು. ಪಾಸ್‌ಪೋರ್ಟ್ ಕಚೇರಿಯಿಂದ ಪೊಲೀಸ್ ಕ್ಲಿಯರೆನ್ಸ್, ವೈದ್ಯರ ಪತ್ರ, ಇಬ್ಬರ ಶಿಫಾರಸು ಎಲ್ಲ ಕೇಳಿದರು. ಕಿರಿಕಿರಿಯಾಯಿತು, ಸಮಾಧಾನವೂ ಆಯಿತು.

ಕಾಗದಪತ್ರದ ವಿಷಯ ಬೇಗ ಮುಗಿಸುತ್ತೇನೆ. ವಿಯೆಟ್ನಾಂ 2023ರ ಆಗಸ್ಟ್ 15ರಿಂದ 90 ದಿನಗಳವರೆಗಿನ ಇ-ವೀಸಾ ಕೊಡುತ್ತಿದೆ. ಆದರೆ ಪ್ರವಾಸಿ ಎಂದು ಬರೆದು ಹೋಗಿ ಆಶ್ರಮದಲ್ಲಿ ಕೆಲಸ ಮಾಡುವುದು ಸಂಬಳವಿಲ್ಲದಿದ್ದರೂ ತೊಡಕಿನ ವಿಷಯ. ಯಾವ ಉದ್ದೇಶದ ವೀಸಾ ಬೇಕೆಂದು ಆಶ್ರಮದಿಂದ ಲಿಖಿತವಾಗಿ ತರಿಸಿಕೊಂಡ ಮೇಲೆಯೇ ಅರ್ಜಿ ಹಾಕಿ. ಅಲ್ಲಿ ತಂಗುವ ಮನೆಯವರು ನಿಮ್ಮ ಹೆಸರನ್ನು ಸ್ಥಳೀಯ ಪೊಲೀಸರಲ್ಲಿ ನೋಂದಾಯಿಸಬೇಕು, ಮಾಡಿದ್ದಾರೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಿ. ಲಸಿಕೆಗಳನ್ನು ಆರು ತಿಂಗಳು ಮೊದಲೇ ಆರಂಭಿಸಿ, ಏಕೆಂದರೆ ಹೆಪಟೈಟಿಸ್ ಬಿ ಲಸಿಕೆಯ ಮೂರನೇ ಡೋಸ್ ಸಾಮಾನ್ಯವಾಗಿ ಬೀಳುವುದು ಆರನೇ ತಿಂಗಳಿಗೆ. ಹೆಪಟೈಟಿಸ್ ಎ, ಟೈಫಾಯ್ಡ್, ದಡಾರ, ಫ್ಲೂ, ಧನುರ್ವಾಯು ಇವುಗಳ ಬಗ್ಗೆಯೂ ವೈದ್ಯರನ್ನು ಕೇಳಿ. ಇದರಲ್ಲಿ ಅರ್ಧ ನಿಮ್ಮ ರಕ್ಷಣೆಗಾದರೆ ಇನ್ನರ್ಧ ಆ ಮಕ್ಕಳ ರಕ್ಷಣೆಗೆ. ನಮಗೆ ನೆಗಡಿಯಾಗಿ ಹೋಗುವುದು ಅವರಲ್ಲಿ ನ್ಯುಮೋನಿಯಾ ಆಗಬಹುದು. ಗಂಟಲು ಕೆರೆತ ಬಂದ ನಾಲ್ಕು ದಿನ ನಾನು ಕೋಣೆ ಬಿಟ್ಟು ಹೊರಬರಲಿಲ್ಲ.

ದುಡ್ಡಿನ ವಿಚಾರದಲ್ಲಿ ಒಂದೇ ಎಚ್ಚರಿಕೆ. ಇಪ್ಪತ್ತು ಸಾವಿರ ಡಾಂಗ್ ನೋಟೂ ಐದು ಲಕ್ಷ ಡಾಂಗ್ ನೋಟೂ ನೀಲಿ ಛಾಯೆಯವು, ಕತ್ತಲಲ್ಲಿ ಅಣ್ಣತಮ್ಮಂದಿರಂತೆ ಕಾಣುತ್ತವೆ. ನಲವತ್ತು ವರ್ಷ ನೋಟು ಎಣಿಸಿದ ನಾನೇ ಬೈಕ್ ಟ್ಯಾಕ್ಸಿಯವನಿಗೆ ದೊಡ್ಡದನ್ನು ಕೊಟ್ಟುಬಿಟ್ಟಿದ್ದೆ. ಅವನು ತಲೆಯಲ್ಲಾಡಿಸಿ ಹಿಂದಿರುಗಿಸಿದ.

ಮೊದಲ ನಾಲ್ಕು ದಿನ ನನಗೆ ಸಿಕ್ಕ ಕೆಲಸ ಊಟದ ಎದೆಬಟ್ಟೆ ಒಗೆದು ಮಡಚುವುದು. ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದ ಎಂಬ ಗಾದೆ ನನ್ನ ಪಾಲಿಗೆ ಅಕ್ಷರಶಃ ನಿಜವಾಯಿತು. ಮೇ ತಿಂಗಳಿಂದ ನವೆಂಬರ್‌ವರೆಗೆ ಅಲ್ಲಿ ಮಳೆಗಾಲ. ನಾನು ಹೋದದ್ದು ಜುಲೈನಲ್ಲಿ, ಮಧ್ಯಾಹ್ನದ ಮಳೆಗೆ ಏನೂ ಒಣಗುತ್ತಿರಲಿಲ್ಲ. ಆದರೆ ಬಟ್ಟೆ ಮಡಚುತ್ತ ಕುಳಿತವಳಿಗೆ ಕೋಣೆಯ ದಿನಚರಿಯೆಲ್ಲ ಕಾಣಿಸಿತು. ಯಾರು ಎಷ್ಟು ಹೊತ್ತಿಗೆ ಅಳುತ್ತಾರೆ, ಯಾವ ಮಗುವಿಗೆ ಫ್ಯಾನಿನ ಗಾಳಿ ಆಗದು, ಹನ್ನೊಂದೂವರೆಯ ಮೇಲೆ ಇಡೀ ಕಟ್ಟಡ ಹೇಗೆ ನಿದ್ದೆಗೆ ಜಾರುತ್ತದೆ, ಎಲ್ಲವೂ. ಈ ನಾಲ್ಕು ದಿನಗಳನ್ನು ಅವಮಾನವೆಂದು ತಿಳಿಯಬೇಡಿ.

ಐದನೆಯ ದಿನ ಊಟ ಮಾಡಿಸಲು ಕರೆದರು. ಇಲ್ಲಿ ಸ್ವಲ್ಪ ನಿಧಾನಿಸಿ ಹೇಳಬೇಕು, ಏಕೆಂದರೆ ತಿಳಿಯದವರ ಕೈಯಿಂದ ಹೆಚ್ಚು ಅಪಾಯ ಆಗುವುದು ಇಲ್ಲಿಯೇ. ಸೆರೆಬ್ರಲ್ ಪಾಲ್ಸಿ ಇರುವ ಅನೇಕ ಮಕ್ಕಳಿಗೆ ನುಂಗುವುದೇ ಕಷ್ಟ. ತಲೆ ಹಿಂದಕ್ಕೆ ವಾಲಿದರೆ ಗಂಜಿ ಅನ್ನನಾಳಕ್ಕೆ ಇಳಿಯುವ ಬದಲು ಶ್ವಾಸನಾಳಕ್ಕೆ ಹೋಗುತ್ತದೆ. ಕೆಲವರು ಕೆಮ್ಮುತ್ತಾರೆ, ಇನ್ನು ಕೆಲವರು ಕೆಮ್ಮುವುದೂ ಇಲ್ಲ, ಆಮೇಲೆ ಜ್ವರ ಬರುತ್ತದೆ. ಆದ್ದರಿಂದ ಮಗುವನ್ನು ನೆಟ್ಟಗೆ ಕೂರಿಸಬೇಕು, ಸೊಂಟ ಮಡಚಿರಬೇಕು, ಪಾದಕ್ಕೆ ಆಧಾರ ಸಿಗಬೇಕು, ಗದ್ದ ತುಸು ಕೆಳಗಿರಬೇಕು. ಚಮಚ ಮೇಲಿನಿಂದ ಬಂದರೆ ಮಗು ತಲೆಯೆತ್ತುತ್ತದೆ, ಹಾಗಾಗಿ ಕೆಳಗಿನಿಂದ, ಎದುರಿನಿಂದ ತನ್ನಿ. ಒಂದು ತುತ್ತು ನುಂಗಿದ್ದು ಕಣ್ಣಾರೆ ಕಂಡ ಮೇಲೆ ಮುಂದಿನದು. ತೆಳ್ಳಗಿನ ನೀರು ಗಂಜಿಗಿಂತ ಅಪಾಯಕಾರಿ ಎಂಬುದು ನನಗೆ ಗೊತ್ತೇ ಇರಲಿಲ್ಲ. ಯಾರಿಗೆ ಎಷ್ಟು ಮಂದ ಬೇಕೆಂದು ಆಯಾಗಳನ್ನೋ ಚಿಕಿತ್ಸಕರನ್ನೋ ಕೇಳಿ, ಊಹೆ ಬೇಡ. ಊಟವಾದ ಮೇಲೆ ಅರ್ಧ ಗಂಟೆಯಾದರೂ ಮಲಗಿಸಬಾರದು. ಹೀಗೆ ಮಾಡಿದರೆ ಒಂದು ಬಟ್ಟಲು ಗಂಜಿಗೆ ಅರ್ಧ ಗಂಟೆ ಹಿಡಿಯುತ್ತದೆ.

ಈಗ ಹದಿನಾಲ್ಕನ್ನು ಎರಡರಿಂದ ಭಾಗಿಸಿ. ಒಬ್ಬೊಬ್ಬ ಆಯಾಗೆ ಏಳು ಮಕ್ಕಳು, ಒಂದು ಊಟಕ್ಕೇ ಮೂರೂವರೆ ಗಂಟೆ. ಅದಕ್ಕೇ ಅವರು ಅರ್ಧ ಮಲಗಿಸಿ ಬೇಗ ಬೇಗ ಉಣಿಸುತ್ತಾರೆ. ಮೊದಲ ಸಲ ಅದನ್ನು ನೋಡಿ ನನಗೆ ಸಿಟ್ಟು ಬಂದಿತ್ತು, ಮುಖದಲ್ಲಿ ತೋರಿಸಿಯೂ ಬಿಟ್ಟಿದ್ದೆ. ಈ ಸಲ ಬಾಯಿ ಮುಚ್ಚಿಕೊಂಡು, ನುಂಗಲು ಎಲ್ಲರಿಗಿಂತ ಹೆಚ್ಚು ಒದ್ದಾಡುವ ಇಬ್ಬರನ್ನು ನನಗೆ ಕೊಡಿ ಎಂದೆ. ಮೂರನೆಯ ವಾರದಲ್ಲಿ ಕಿರಿಯ ಆಯಾ ತಾವಾಗಿಯೇ ಬಂದು, ಟವೆಲ್ ಸುತ್ತಿ ನಾನು ಕಟ್ಟಿಕೊಂಡಿದ್ದ ತಲೆಯ ಆಧಾರವನ್ನು ಹೇಗೆ ಮಾಡಿದಿರಿ ಎಂದು ಕೇಳಿದರು. ಅದನ್ನು ನಾನೂ ಅಲ್ಲಿಗೆ ವಾರಕ್ಕೊಮ್ಮೆ ಬರುವ ಫಿಸಿಯೋಥೆರಪಿಸ್ಟ್‌ರಿಂದ ಕಲಿತಿದ್ದೆ ಅಷ್ಟೇ.

ಎತ್ತುವುದಕ್ಕೂ ಒಂದು ಕ್ರಮವಿದೆ. ಬಿಗಿತ ಇರುವ ಮಗುವಿನ ಕಾಲುಗಳನ್ನು ಎಳೆದು ಬಿಡಿಸಲು ಹೋದರೆ ಬಿಗಿತ ಇನ್ನೂ ಹೆಚ್ಚುತ್ತದೆ. ಮೊದಲು ಸೊಂಟ, ಮಂಡಿ ಮಡಚಿ ಒಂದು ಕ್ಷಣ ಕಾಯಿರಿ, ಮೈ ತಾನೇ ಸಡಿಲಾಗುತ್ತದೆ. ಹನ್ನೆರಡು ವರ್ಷದವರನ್ನು ಒಬ್ಬರೇ ಎತ್ತಬೇಡಿ. ನಾನು ಎತ್ತಿದೆ, ಮೂರು ದಿನ ಬೆನ್ನು ಹಿಡಿದುಕೊಂಡು ಮಲಗಿದೆ, ಇಬ್ಬರು ಆಯಾಗಳ ಹೊರೆಗೆ ನಾನೊಬ್ಬಳು ಸೇರಿಕೊಂಡೆ. ಫಿಟ್ಸ್ ಬಂದರೆ ಪಕ್ಕಕ್ಕೆ ಹೊರಳಿಸಿ, ಗಡಿಯಾರ ನೋಡಿ, ಬಾಯಿಗೆ ಏನನ್ನೂ ತುರುಕಬೇಡಿ, ಕೂಡಲೇ ಆಯಾಗಳನ್ನು ಕೂಗಿ. ಐದು ನಿಮಿಷ ದಾಟಿತೆಂದರೆ ತುರ್ತು ಚಿಕಿತ್ಸೆ ಬೇಕು.

ಕೇಳಬಾರದ ಪ್ರಶ್ನೆಯೊಂದಿದೆ. 1961ರಿಂದ 1971ರವರೆಗೆ ಯುದ್ಧದಲ್ಲಿ ಅಮೆರಿಕದ ಸೇನೆ ಸಿಂಪಡಿಸಿದ ಎಲೆ ಉದುರಿಸುವ ರಾಸಾಯನಿಕಗಳಲ್ಲಿ ಒಂದಾದ ಏಜೆಂಟ್ ಆರೆಂಜ್, ಅದರಲ್ಲಿದ್ದ ಡಯಾಕ್ಸಿನ್ ಎಂಬ ವಿಷದ ಬಗ್ಗೆ ಓದಿಕೊಂಡು ಹೋದವರಿಗೆ ಪ್ರತಿ ಮಗುವಿನಲ್ಲೂ ಯುದ್ಧವೇ ಕಾಣುತ್ತದೆ. ಅಂಟಿಕೊಂಡೇ ಹುಟ್ಟಿದ ವಿಯೆಟ್ ಮತ್ತು ಡುಕ್ ಎಂಬ ಅವಳಿಗಳನ್ನು 1988ರಲ್ಲಿ ಶಸ್ತ್ರಚಿಕಿತ್ಸೆಯಿಂದ ಬೇರ್ಪಡಿಸಿದ್ದು ಇದೇ ಊರಿನ ತು ಡು ಆಸ್ಪತ್ರೆಯಲ್ಲಿ. ನಾನು ಮೊದಲ ಸಲ ಒಂದು ಮಗುವನ್ನು ತೋರಿಸಿ ‘ಆ ವಿಷದಿಂದಲೇ?’ ಎಂದು ಕೇಳಿದ್ದೆ. ‘ಹೆರಿಗೆ ತಡವಾಯಿತು, ಉಸಿರು ಕಟ್ಟಿತ್ತು’ ಎಂದಷ್ಟೇ ಉತ್ತರ ಬಂತು. ಯುದ್ಧದ ಇತಿಹಾಸ ತಿಳಿಯಬೇಕೆನ್ನುವವರಿಗೆ ನಗರದಲ್ಲಿ ಯುದ್ಧ ಅವಶೇಷಗಳ ವಸ್ತುಸಂಗ್ರಹಾಲಯವಿದೆ, ಭಾನುವಾರ ಹೋಗಿ ಬನ್ನಿ. ಮಕ್ಕಳ ಮೈಮೇಲೆ ಅದನ್ನು ಹುಡುಕಬೇಡಿ. ಅವರ ಫೋಟೋವನ್ನೂ ತೆಗೆಯಬೇಡಿ. ನನ್ನ ಮೊಬೈಲಿನಲ್ಲಿದ್ದ ಹಳೆಯ ಫೋಟೋಗಳನ್ನು ನಿರ್ದೇಶಕಿಯ ಮುಂದೆಯೇ ಅಳಿಸಿದೆ.

ಭಾಷೆ ನಾಲ್ಕಾರು ಪದವಾದರೂ ಕಲಿಯಿರಿ. ‘ಆನ್’ ಎಂದರೆ ಉಣ್ಣುವುದು, ‘ಡಾವ್’ ಎಂದರೆ ನೋವು. ಇವೆರಡೇ ದಿನಕ್ಕೆ ನೂರು ಸಲ ಬಳಕೆಗೆ ಬರುತ್ತವೆ. ಆದರೆ ರಾಗದ ಬಗ್ಗೆ ಜೋಪಾನ. ಮಕ್ಕಳು ಆಯಾಗಳನ್ನು ದನಿ ಏರಿಸಿ ‘ಮಾ’ ಎನ್ನುತ್ತಾರೆ, ಅದು ದಕ್ಷಿಣ ವಿಯೆಟ್ನಾಂನಲ್ಲಿ ತಾಯಿ. ದನಿ ಏರಿಸದೆ ಹೇಳಿದರೆ ದೆವ್ವ. ಇನ್ನೊಂದು ರಾಗದಲ್ಲಿ ಕುದುರೆ, ಮತ್ತೊಂದರಲ್ಲಿ ಭತ್ತದ ಸಸಿ. ಹಿರಿಯ ಆಯಾ ಅವರನ್ನು ನಾನು ಎರಡು ವಾರ ದೆವ್ವ ಎಂದೇ ಕರೆದಿದ್ದೇನೆ. ಅವರು ತಿದ್ದಲೇ ಇಲ್ಲ, ಮಕ್ಕಳಿಗೆ ಅದು ದಿನದ ಮುಖ್ಯ ಮನರಂಜನೆಯಾಗಿತ್ತು.

ಏನು ಒಯ್ಯಬೇಕು ಎಂದು ಎಲ್ಲರೂ ಕೇಳುತ್ತಾರೆ. ಬೇಗ ಒಣಗುವ ಏಪ್ರನ್, ಜಾರದ ಚಪ್ಪಲಿ, ಸಣ್ಣಗೆ ಕತ್ತರಿಸಿದ ಉಗುರು. ಬಳೆ, ಉಂಗುರ, ಸರ ಮನೆಯಲ್ಲೇ ಇರಲಿ. ಆಟಿಕೆ, ಹಳೆಯ ಬಟ್ಟೆ ಬೇಡ, ಮೊದಲ ಸಲ ನಾನು ಹೊತ್ತು ತಂದ ಎರಡು ಚೀಲ ಆಟಿಕೆ ಬೀರುವಿನ ಮೇಲೆ ಹಾಗೇ ಕುಳಿತಿತ್ತು. ಯಾರೋ ದಾನವಾಗಿ ಕೊಟ್ಟ ದೊಡ್ಡವರ ಗಾಲಿಕುರ್ಚಿಗಳೂ ಮೂಲೆಯಲ್ಲಿದ್ದವು. ಅಳತೆಗೆ ಹೊಂದದ ಕುರ್ಚಿಯಲ್ಲಿ ಮಗು ಜಾರುತ್ತದೆ, ಬೆನ್ನು ವಕ್ರವಾಗುತ್ತದೆ, ಕೂತಲ್ಲಿ ಹುಣ್ಣಾಗುತ್ತದೆ. ಕೊಡಲೇಬೇಕೆಂದರೆ ಅವರ ಕೈಯಿಂದ ಪಟ್ಟಿ ಪಡೆದು ಅಲ್ಲಿಯೇ ಕೊಂಡು ಕೊಡಿ. ನನಗೆ ಸಿಕ್ಕ ಪಟ್ಟಿಯಲ್ಲಿದ್ದದ್ದು ಡೈಪರ್, ಜಿಂಕ್ ಮುಲಾಮು, ಆಯಾಗಳ ಕೋಣೆಗೊಂದು ಫ್ಯಾನ್.

ಆ ಹುಡುಗನನ್ನು ಐದು ವಾರವೂ ನಾನು ಎತ್ತಿಕೊಳ್ಳಲಿಲ್ಲ. ಕಿರಿಯ ಆಯಾ ಅವನಿಗೆ ಉಣಿಸುವಾಗ ಪಕ್ಕದಲ್ಲಿ ಕುಳಿತು ಬಟ್ಟಲು ಹಿಡಿದುಕೊಳ್ಳುತ್ತಿದ್ದೆ, ಅಷ್ಟೇ. ಹೊರಡುವ ದಿನವನ್ನು ಹತ್ತು ದಿನ ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿ, ತಿಳಿಯುವ ಮಕ್ಕಳಿಗೆಲ್ಲ ದಿನವೂ ತೋರಿಸಿದೆವು. ಕೊನೆಯ ದಿನ ಕೇಕ್, ಹಾಡು, ಅಳು ಯಾವುದೂ ಇರಲಿಲ್ಲ. ಮಧ್ಯಾಹ್ನದ ಎದೆಬಟ್ಟೆಗಳನ್ನು ಮಡಚಿಟ್ಟು, ದಾಸ್ತಾನು ಪುಸ್ತಕವನ್ನು ನಿರ್ದೇಶಕಿಗೆ ಒಪ್ಪಿಸಿ ಗೇಟಿಗೆ ಬಂದೆ. ಹಿರಿಯ ಆಯಾ ಮೊಬೈಲ್ ಹಿಡಿದುಕೊಂಡು ಹಿಂದೆಯೇ ಬಂದರು. ‘ಅಕ್ಕ, ಮುಂದಿನ ಸಲ ಬೆನ್ನು ಸರಿ ಮಾಡಿಕೊಂಡು ಬನ್ನಿ’ ಎಂದು ಅದರಲ್ಲಿ ಬರೆದಿತ್ತು.